ಲೋಟದ ನೀರು ಚೆಲ್ಲದ ಡಾಕ್ಟರು

ಕನಕಪುರ ರಸ್ತೆಯ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಔಷಧಿ ಕೊಡುವ ಕೆಲಸದಲ್ಲಿದ್ದೆ. ಅಲ್ಲಿನ ಡಾಕ್ಟರು ನಾಯಕತ್ವದ ತರಬೇತಿಗೆ ಹೋಗಿಬಂದ ಮೇಲೆ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ಏನು ಕೇಳಿದರೂ ಕುರ್ಚಿಗೆ ಒರಗಿ, ಎರಡೂ ಅಂಗೈಗಳನ್ನು ನಮ್ಮತ್ತ ಚಾಚಿ, "ನೀವೇ ಲೀಡ್ ತಗೊಳ್ಳಿ" ಎನ್ನುತ್ತಿದ್ದರು. ತರಬೇತಿಯಲ್ಲಿ ಬಹುಮಾನವಾಗಿ ಬಂದ ಮನಿಪ್ಲಾಂಟ್ ಅವರ ಮೇಜಿನ ಮೇಲೆ ನೀರು ತುಂಬಿದ ಗಾಜಿನ ಲೋಟದಲ್ಲಿ ಬೆಳೆಯುತ್ತಿತ್ತು.

ಡೆಂಗಿ ಹಬ್ಬಿದ್ದ ದಿನಗಳು. ಕೋಣನಕುಂಟೆಯ ಮನೆಗಳ ಡ್ರಮ್ಮು, ಕುಂಡಗಳನ್ನೆಲ್ಲ ನೋಡಿ ಬಂದ ಆಶಾ ಕಾರ್ಯಕರ್ತೆ ಆ ಲೋಟದತ್ತ ಬಗ್ಗಿದರು.

"ಸಾರ್, ಇದ್ರಲ್ಲೂ ಸೊಳ್ಳೆ ಲಾರ್ವಾ ಇದೆ. ನೀರು ಚೆಲ್ಲಿಬಿಡಿ."

"ನಾನೇ ಚೆಲ್ಲಿದ್ರೆ ನಿಮ್ಮ ಲೀಡರ್‌ಶಿಪ್ ಬೆಳೆಯೋದು ಹೇಗೆ? ನೀವೇ ಲೀಡ್ ತಗೊಳ್ಳಿ."

ಅಷ್ಟರಲ್ಲಿ ನಾವೂ ಆ ವಿದ್ಯೆ ಕಲಿತಿದ್ದೆವು. ಆಕೆ ನರ್ಸಮ್ಮನತ್ತ ಅಂಗೈ ಚಾಚಿದರು, ನರ್ಸಮ್ಮ ನನ್ನತ್ತ, ನಾನು ಅಟೆಂಡರನತ್ತ. ಅವನಿಗೆ ಯಾರೂ ಉಳಿದಿರಲಿಲ್ಲವಾದ್ದರಿಂದ ಡಾಕ್ಟರತ್ತಲೇ ಚಾಚಿದ.

ತಿಂಗಳೊಳಗೆ ಡಾಕ್ಟರಿಗೇ ಡೆಂಗಿ ಬಂತು. ಆಸ್ಪತ್ರೆಯ ಮಂಚದಿಂದಲೇ ನನಗೆ ಫೋನ್ ಮಾಡಿದರು.

"ಆ ಲೋಟದ ನೀರು ಚೆಲ್ಲಿದ್ರಾ?"

"ಇನ್ನೂ ಇಲ್ಲ ಸಾರ್. ಅದಕ್ಕೇ ಮಧ್ಯಾಹ್ನ ಮೀಟಿಂಗ್ ಇಟ್ಕೊಂಡಿದೀವಿ."

ಆ ಜ್ವರದಲ್ಲೂ ಅವರ ದನಿ ಅರಳಿತು.

"ವೆರಿ ಗುಡ್. ಈಗ ನೀವೆಲ್ಲಾ ಲೀಡರ್ಸ್ ಆದ್ರಿ."