ಗಾಲಿಕುರ್ಚಿಯಲ್ಲಿ ಕಡಲಿಗೆ ಹೋದದ್ದು

ಹುಣಸೂರಿನಿಂದ ಪಿರಿಯಾಪಟ್ಟಣದ ಮೇಲೆ ವಿರಾಜಪೇಟೆಗೆ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು ನಾನು. ಸಕ್ಕರೆ ಕಾಯಿಲೆಯವನಿಗೆ ಹೆಬ್ಬೆರಳಲ್ಲಿ ಎದ್ದ ಒಂದು ಹುಣ್ಣು ಮಾಯಲೇ ಇಲ್ಲ. ಕೊನೆಗೆ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಎಡಮಂಡಿ ಮೊದಲೇ ಸವೆದಿತ್ತು. ಆಮೇಲೆ ಎರಡು ವರ್ಷ ಬಿಳಿಕೆರೆಯ ಮನೆ ಜಗಲಿಯ ಮೇಲೆ ಗಾಲಿಕುರ್ಚಿಯೇ ಗತಿಯಾಯಿತು.

ಹೆದ್ದಾರಿ ಕಣ್ಣೆದುರೇ ಇತ್ತು. ಯಾವ ಬಸ್ಸು ತಡವಾಯಿತು, ಯಾವ ಡ್ರೈವರು ಗೇರು ಉಜ್ಜಿದ ಎಂಬುದೆಲ್ಲ ಕೂತಲ್ಲೇ ತಿಳಿಯುತ್ತಿತ್ತು. ತಿಳಿದಷ್ಟೂ ಮೈ ಉರಿಯುತ್ತಿತ್ತು. ಗಳಿಗೆಗೊಮ್ಮೆ ಹೆಂಡತಿಯನ್ನು ಕೂಗುತ್ತಿದ್ದೆ. ನೀರು ಕೊಡು, ಫ್ಯಾನು ಹಾಕು, ಬಿಸಿಲಿಗೆ ತಳ್ಳು, ನೆರಳಿಗೆ ತಳ್ಳು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿಬರುತ್ತಿದ್ದಳು.

ಮಗಳು ಎಚ್.ಡಿ. ಕೋಟೆಯಲ್ಲಿ ಟೀಚರು. ಒಂದು ಭಾನುವಾರ ಬಂದವಳು ಅವರವ್ವನಿಗೆ, "ಇಂಗೇ ಕೂತಿದ್ರೆ ಅಪ್ಪಂಗೂ ತಲೆ ಕೆಡ್ತದೆ, ನಿಂಗೂ ಕೆಡ್ತದೆ. ಸಮುದ್ರ ನೋಡ್ಕೊಂಡ್ ಬರಾನ ನಡಿಯವ್ವ" ಅಂದಳು. ನಮ್ಮಿಬ್ಬರಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ವಿರಾಜಪೇಟೆಯಲ್ಲಿ ಬಸ್ಸು ತಿರುಗಿಸಿಕೊಂಡು ಬರುವುದು ನನ್ನ ಕೆಲಸವಾಗಿತ್ತೇ ಹೊರತು, ಅಲ್ಲಿಂದಾಚೆಯ ಘಾಟಿ ಇಳಿಯುವುದಲ್ಲ.

ವಾರಗಟ್ಟಲೆ ಅವಳು ಫೋನು ಮಾಡಿದಳು. ಎಲ್ಲ ಕಡೆಯೂ ಒಂದೇ ಉತ್ತರ. ವೀಲ್‌ಚೇರ್ ಆರಾಮಾಗಿ ಬರ್ತದೆ ಮೇಡಂ, ಎರಡೇ ಮೆಟ್ಲು. "ಆ ಎರಡು ಮೆಟ್ಲು ಅತ್ತಕಾಗಲ್ಲ ಅಂತ್ಲೇ ಕೇಳ್ತಿರದು ಕಣ್ರೀ!" ಎಂದು ಮಗಳು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿತು. ಕೊನೆಗೆ ಕಣ್ಣೂರಿನ ಹತ್ತಿರ, ಒಬ್ಬ ಹೆಂಗಸು ನಡೆಸುವ ಹೋಂಸ್ಟೇ ಸಿಕ್ಕಿತು. ಬಾಗಿಲವರೆಗೂ ಸಿಮೆಂಟಿನ ಇಳಿಜಾರು ಇದೆಯೆಂದು ಆಕೆ ಫೋಟೋ ಕಳಿಸಿದಳು.

ಬಾಡಿಗೆ ಕಾರಿನಲ್ಲಿ ಹೊರಟೆವು. ಪಿರಿಯಾಪಟ್ಟಣ ದಾಟುವಷ್ಟರಲ್ಲೇ ಡ್ರೈವರಿಗೆ ನಾಲ್ಕು ಸಲ ಬುದ್ಧಿ ಹೇಳಿದ್ದೆ. ಘಾಟಿಯ ಪ್ರತಿ ತಿರುವಿನಲ್ಲೂ ಇಲ್ಲದ ನನ್ನ ಬಲಗಾಲು ಬ್ರೇಕು ಒತ್ತುತ್ತಿತ್ತು. ತೊಡೆ ಬಿಗಿದು ನೋವು ಬಂತು. ಹೆಂಡತಿ ಕೈಯಿಟ್ಟು ಅದುಮುತ್ತಾ, "ಒಸಿ ಸುಮ್ಕೆ ಕೂತ್ಕಳಿ, ಅವ್ರಿಗೂ ಓಡ್ಸಕ್ಕೆ ಬತ್ತದೆ" ಅಂದಳು.

ಇಳಿಜಾರು ನಿಜವಾಗಿಯೂ ಇತ್ತು. ಕೋಣೆಯೊಳಕ್ಕೂ ಸಲೀಸಾಗಿ ಹೋದೆ. ಆದರೆ ಬಚ್ಚಲಿನ ಬಾಗಿಲಿಗೆ ಬರುವಾಗ ಕುರ್ಚಿಯ ಗಾಲಿ ಚೌಕಟ್ಟಿಗೆ ತಗುಲಿ ನಿಂತಿತು. ತೆರೆದಿಟ್ಟ ಬಾಗಿಲಿನ ದಪ್ಪದಷ್ಟು ಜಾಗ ಕಡಿಮೆ ಬಿದ್ದಿತ್ತು. ಅಷ್ಟು ದೂರದಿಂದ ತಡೆದುಕೊಂಡು ಬಂದಿದ್ದೆ. ಅವಮಾನ, ಅವಸರ ಎರಡೂ ಸೇರಿ ಬಾಯಿಗೆ ಬಂದದ್ದೆಲ್ಲ ಬೈದೆ. ಈಗಲೇ ವಾಪಸು ಹೋಗೋಣ ಅಂದೆ. ಮಗಳ ಕಣ್ಣಲ್ಲಿ ನೀರು.

ಮನೆಯೊಡತಿ ಹಿಂದೆ ಕೊಡಗಿನ ಕಾಫಿ ತೋಟದಲ್ಲಿ ದುಡಿದವಳಂತೆ, ಕನ್ನಡ ಬರುತ್ತಿತ್ತು. "ಬೇಜಾರ್ ಮಾಡ್ಬೇಡಿ ಚೇಟ್ಟಾ, ತಪ್ಪು ನಂದು. ಅಳತೆ ನೋಡ್ಲಿಲ್ಲ" ಅಂದಳು. ಚೇಟ್ಟಾ ಅಂದರೆ ಅವರ ಮಲಯಾಳದಲ್ಲಿ ಅಣ್ಣ. ಸ್ಕ್ರೂಡ್ರೈವರು ತಂದು ನೆಲದ ಮೇಲೆ ಕೂತು, ಕೀಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದಳು. ಹಾಸಿಗೆಯ ಮೇಲಿನ ಬೆಡ್‌ಶೀಟನ್ನು ಎಳೆದು ಅಲ್ಲಿ ಪರದೆ ಕಟ್ಟಿದಳು. ಕುರ್ಚಿ ಒಳಕ್ಕೆ ಹೋಯಿತು. ಆಕೆಗೊಂದು ಒಳ್ಳೆಯ ಮಾತು ಹೇಳಬೇಕಿತ್ತು.

ಸಂಜೆ ಕಡಲತಡಿಗೆ ಹೋದೆವು. ಮರಳಿನ ಮೇಲೆ ಸ್ವಲ್ಪ ದೂರ ಹಲಗೆ ಹಾಸಿದ್ದರು. ಅದು ಮುಗಿದ ಮೇಲೆ ನನ್ನ ಕುರ್ಚಿ ಒಂದು ಗೇಣೂ ಉರುಳಲಿಲ್ಲ. ನೀರು ಇನ್ನೂ ಮಾರುಗಟ್ಟಲೆ ದೂರ. ದಪ್ಪ ಟ್ಯೂಬಿನಂಥ ಚಕ್ರದ ಕುರ್ಚಿಯೊಂದು ಅಲ್ಲಿನ ಲೈಫ್‌ಗಾರ್ಡುಗಳ ಬಳಿ ಇದೆಯೆಂದು ಗೊತ್ತಾಗಿ ಮಗಳು ಹುಡುಕಿಕೊಂಡು ಹೋದಳು.

"ನಾನು ಒಂಚೂರು ಕಾಲು ನೆನಸ್ಕೊಂಡ್ ಬತ್ತೀನಿ" ಎಂದು ಹೆಂಡತಿ ಸೀರೆ ಎತ್ತಿ ಹಿಡಿದು ನೀರಿಗಿಳಿದಳು. ಪಾದ ಮುಳುಗಿತು, ಮೀನಖಂಡ ಮುಳುಗಿತು. ಒಂದು ಅಲೆ ಸೊಂಟಕ್ಕೆ ಬಂದು ಹೊಡೆಯಿತು. ಸೀರೆ ಕೈಬಿಟ್ಟಳು, ಆದರೆ ಹಿಂದೆ ಸರಿಯಲಿಲ್ಲ.

"ಏ ಅಮ್ಮೀ, ಸಾಕು ಬಾ!" ಎಂದು ಹೆಂಡತಿಯನ್ನು ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಎದ್ದು ಓಡಲು ಮೈ ಮುಂದಕ್ಕೆ ಬಾಗಿತು. ಕುರ್ಚಿ ವಾಲಿ ಇನ್ನೇನು ಮಗುಚುವುದರಲ್ಲಿತ್ತು, ಗಾಲಿ ಹಿಡಿದು ಉಳಿದುಕೊಂಡೆ. ಹತ್ತು ನಿಮಿಷವೋ ಹದಿನೈದೋ, ಅವಳು ಬೆನ್ನು ತೋರಿಸಿ ಹಾಗೇ ನಿಂತಿದ್ದಳು. ಆಮೇಲೆ ತಾನಾಗಿಯೇ ಬಂದಳು, ಒದ್ದೆಮುದ್ದೆಯಾಗಿ.

"ಕೂಗಿದ್ದು ಕೇಳ್ನಿಲ್ವಾ?"

"ಕೇಳ್ತು."

"ಮತ್ತೆ?"

ಅವಳು ಸೀರೆ ಹಿಂಡುತ್ತಾ ನಿಂತಳು. "ಎರಡು ವರ್ಸಾಯ್ತು ಕಣ್ರೀ, ನೀವ್ ಕೂಗಿದ್ ತಕ್ಷಣ ನಾನು ಓಡ್ಬರಾಕೆ ಸುರುವಾಗಿ. ಒಂದಪ ಓಡಿ ಬರ್ದಂಗೆ ನಿಂತ್ಕಳಾನ ಅನ್ನಿಸ್ತು. ನಿಂತ್ಕಂಡೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುರ್ಚಿಗೆ ಕಟ್ಟಿಬಿದ್ದವನು ನಾನೊಬ್ಬನೇ ಎಂದು ತಿಳಿದಿದ್ದೆ. ಬಸ್ಸಿನ ಕನ್ನಡಿಯಲ್ಲಿ ಐವತ್ತು ಜನರ ಮುಖ ನೋಡಿಕೊಂಡು ಓಡಿಸಿದವನಿಗೆ ಪಕ್ಕದಲ್ಲಿದ್ದ ಒಂದು ಮುಖ ಕಂಡಿರಲಿಲ್ಲ.

ಮಗಳು ದಪ್ಪ ಚಕ್ರದ ಕುರ್ಚಿಯೊಂದಿಗೆ ಬಂದಳು. ಇಬ್ಬರು ಲೈಫ್‌ಗಾರ್ಡುಗಳು ನನ್ನನ್ನು ಅದಕ್ಕೆ ಎತ್ತಿ ಕೂರಿಸಿದರು. ಅದನ್ನು ಕೂತವನು ನಡೆಸುವಂತಿಲ್ಲ, ಬೇರೆಯವರೇ ತಳ್ಳಬೇಕು. ಹೆಂಡತಿ ಒಂದು ಹಿಡಿಕೆ ಹಿಡಿದಳು, ಮಗಳು ಇನ್ನೊಂದು. ಅಲೆ ಬಂದಾಗ ಕುರ್ಚಿ ನೆಲ ಬಿಟ್ಟು ತುಸು ತೇಲಿತು. ಮೊಂಡುಗಾಲಿಗೆ ಉಪ್ಪುನೀರು ಚುರುಗುಟ್ಟಿತು. ನಾನು ಹೆದರಿ ಹೆಂಡತಿಯ ತೋಳು ಹಿಡಿದುಕೊಂಡೆ. ಅವಳು ನಗುತ್ತಿದ್ದಳು. "ಇನ್ನೂ ಒಂದಪ ಬರ್ಲಿ, ತಡೀರಿ" ಎನ್ನುತ್ತಾ ಮುಂದಿನ ಅಲೆಗೆ ಕಾಯುತ್ತಿದ್ದಳು.

ಊರಿಗೆ ಬಂದ ಮೇಲೆ ನನ್ನ ಚಡಪಡಿಕೆಯೇನೂ ಹೋಗಿಲ್ಲ. ಆದರೆ ಹಾಸಿಗೆಯಿಂದ ಕುರ್ಚಿಗೆ ಒಬ್ಬನೇ ಜಾರಿಕೊಳ್ಳುವುದನ್ನು ಕಲಿತಿದ್ದೇನೆ. ಹೆಂಡತಿ ಹದಿನೈದು ದಿನಕ್ಕೊಮ್ಮೆ ಕೆ.ಆರ್. ನಗರದ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಾಳೆ. ಮೊದಲ ಸಲ ಹೋದಾಗ ಸಾರು ಬಿಸಿಮಾಡಲು ಹೋಗಿ ಪಾತ್ರೆ ಸೀಯಿಸಿದೆ. ಫೋನಿನಲ್ಲಿ ಹೇಳಿದೆ. "ನೀರಾಕಿ ನೆನೆಯಾಕಿ, ಬಂದು ಉಜ್ತೀನಿ" ಅಂದಳು. ಅವಳು ಬರುವಷ್ಟರಲ್ಲಿ ನಾನೇ ಉಜ್ಜಿಟ್ಟಿದ್ದೆ. ತಳ ಇನ್ನೂ ಕಪ್ಪಗೇ ಇತ್ತು.