ಸದ್ಯಕ್ಕೆ ಅರ್ಧ ಮಿಲಿಮೀಟರ್

ನಾನು ದಿನವೂ ಸುಳ್ಳು ಹೇಳುತ್ತೇನೆ. ಮನುಷ್ಯರಿಗಲ್ಲ, ಯಂತ್ರಕ್ಕೆ. ಮರಳೂರಿನ ನಮ್ಮ ಅಂಗಡಿಯಲ್ಲಿ ಮರ ಕೆತ್ತುವ ಸಿಎನ್‌ಸಿ ರೌಟರ್ ಇದೆ. ಅದಕ್ಕೆ ಸಿಕ್ಕಿಸಿದ ಬಿಟ್, ಅಂದರೆ ಕೆತ್ತುವ ಮೊನೆ, ಎಷ್ಟು ಉದ್ದ ಎಂದು ಮೊದಲೇ ತಿಳಿಸಬೇಕು. ಆ ಲೆಕ್ಕಕ್ಕೆ ಟೂಲ್ ಆಫ್‌ಸೆಟ್ ಎನ್ನುತ್ತೇವೆ. ಬಿಟ್ ಇರುವುದಕ್ಕಿಂತ ಕೊಂಚ ಉದ್ದವಿದೆ ಎಂದು ತಾತ್ಕಾಲಿಕವಾಗಿ ಹೇಳಿದರೆ, ಯಂತ್ರ ನಂಬಿ ಮೇಲೆಯೇ ನಿಂತು ಮರವನ್ನು ಗೀರಿದಷ್ಟೇ ಕೆತ್ತುತ್ತದೆ. ಸರಿಯೆನಿಸಿದರೆ ಸುಳ್ಳನ್ನು ತೆಗೆದು ಪೂರ್ತಿ ಆಳಕ್ಕೆ ಇಳಿಸಬಹುದು. ತೆಗೆಯಲು ಮರೆತರೆ ಮುಂದಿನ ಗಿರಾಕಿಯ ಗಣಪತಿಯನ್ನು ಅದು ಗಾಳಿಯಲ್ಲಿ, ಅತ್ಯಂತ ಶ್ರದ್ಧೆಯಿಂದ ಕೆತ್ತುತ್ತದೆ. ಆ ಗಣಪತಿಯನ್ನು ನಾನು ಕಂಡಿದ್ದೇನೆ, ಅಂದರೆ ಕಂಡಿಲ್ಲ.

ಕಳೆದ ತಿಂಗಳು ಕುಣಿಗಲ್ಲಿನ ರತ್ನಮ್ಮನವರು ಬಂದರು. ನಿವೃತ್ತ ನರ್ಸ್, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಜೊತೆಗೆ ಗುಬ್ಬಿಯ ಶಿವಣ್ಣನವರು, ಅವರೂ ಒಂಟಿ. ತೇಗದ ಹಲಗೆಯೊಂದನ್ನು ಕೂಸಿನಂತೆ ಎತ್ತಿಕೊಂಡಿದ್ದರು. ಇಬ್ಬರೂ ಮದುವೆಯಾಗುವವರಿದ್ದರು. ಗುಬ್ಬಿಯ ಮನೆಬಾಗಿಲಿಗೆ ಇಬ್ಬರ ಹೆಸರೂ ಇರುವ ಫಲಕ ಬೇಕಿತ್ತು.

“ತುಂಬಾ ಆಳ ಬ್ಯಾಡ ಕಣಪ್ಪ,” ಎಂದರು ರತ್ನಮ್ಮ. “ನನ್ ಮಗಳು ಇನ್ನೂ ಒಪ್ಪಿಲ್ಲ.”

“ಒಪ್ದೇ ಹೋದ್ರೆ?” ಎಂದೆ.

“ಉಜ್ಜಾಕ್ಬುಡು.”

ಶಿವಣ್ಣನವರು ತಲೆಯೆತ್ತಿ ಫ್ಯಾನನ್ನು ನೋಡತೊಡಗಿದರು. ಅದು ತಿರುಗುತ್ತಿರಲಿಲ್ಲ.

ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯಲಿ ಎಂದು ಕೇಳುವವರನ್ನೇ ಕಂಡಿದ್ದ ನನಗೆ ಇದು ಹೊಸದು. ಆಫ್‌ಸೆಟ್‌ಗೆ ಎರಡೂವರೆ ಮಿಲಿಮೀಟರ್ ಸುಳ್ಳು ಸೇರಿಸಿದೆ. ಮೂರು ಇಳಿಯಬೇಕಾದ ಹೆಸರುಗಳು ಅರ್ಧ ಮಿಲಿಮೀಟರಿಗೇ ನಿಂತವು. ಹಲಗೆಯನ್ನು ಮೇಜಿನಿಂದ ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಮತ್ತೆ ಕೂದಲೆಳೆಯಷ್ಟೂ ಕದಲದಂತೆ ಅಲ್ಲೇ ಕೂರಿಸುವುದು ಕಷ್ಟ. ಹೀಗಾಗಿ ಬೇರೆ ಕೆಲಸಗಳೆಲ್ಲ ನಿಂತವು.

“ರೀ, ಅವ್ರ ಮಗಳು ಒಪ್ಪೋವರ್ಗೂ ನಾವು ಉಪವಾಸನಾ?” ಎಂದಳು ನನ್ನ ಹೆಂಡತಿ ಭಾಗ್ಯ.

ವಾರದ ಕೊನೆಗೆ ಆ ಮಗಳೇ ಬಂದರು. ಹೆಸರು ಸುಮಾ, ಕ್ಯಾತ್ಸಂದ್ರದ ಕಡೆ ಕಾಲೇಜಿನಲ್ಲಿ ಪಾಠ ಹೇಳುವವರು. ಹಲಗೆಯ ಮುಂದೆ ನಿಂತು ನೇರವಾಗಿ ಕೇಳಿದರು.

“ಇದನ್ನ ಅಳಿಸ್ಬೋದಾ?”

“ಅಳಿಸ್ಬೋದು ಮೇಡಂ. ಗುರುತೂ ಉಳಿಯಲ್ಲ.”

ಹೇಳಿದ ಮೇಲೆ, ಇಷ್ಟು ಚುರುಕಾಗಿ ಹೇಳಬಾರದಿತ್ತು ಅನ್ನಿಸಿತು. ಅವರು ಅಮ್ಮನ ಹೆಸರಿನ ಮೇಲೆ ಬೆರಳಾಡಿಸಿದರು.

“ನಮ್ಮನೆ ಬೋರ್ಡಲ್ಲಿ ಅಪ್ಪನ ಹೆಸ್ರು ಒಂದೇ ಇತ್ತು. ಅಮ್ಮನ ಹೆಸ್ರನ್ನ ಆಸ್ಪತ್ರೆ ಬ್ಯಾಡ್ಜಲ್ಲಿ ಬಿಟ್ರೆ ನಾನೆಲ್ಲೂ ನೋಡೇ ಇಲ್ಲ.”

ಸ್ಯಾಂಡ್‌ಪೇಪರ್ ನನ್ನ ಕೈಯಲ್ಲೇ ಇತ್ತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

“ಅಮ್ಮಂಗೆ ಕಣ್ಣು ಅಷ್ಟಾಗಿ ಕಾಣಲ್ಲ,” ಎಂದರು ಕೊನೆಗೆ. “ಇನ್ನೂ ಆಳ ಹಾಕಿ.”

ಆಫ್‌ಸೆಟ್ ಲೆಕ್ಕದಿಂದ ಸುಳ್ಳನ್ನು ತೆಗೆದು ಯಂತ್ರ ಶುರುಮಾಡಿದೆ. ಬಿಟ್ ಅದೇ ಗೀರುಗಳಿಗೆ ಮರಳಿ, ನಿಧಾನವಾಗಿ ಕೆಳಗಿಳಿಯಿತು. ಸುಮಾ ಕಿವಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದರು. ಮುಗಿದಾಗ, ನಾನು ಬ್ರಷ್ ಹುಡುಕುವಷ್ಟರಲ್ಲಿ ಬಾಗಿ ಅಮ್ಮನ ಹೆಸರಿನ ಮೇಲಿದ್ದ ಮರದ ಪುಡಿಯನ್ನು ಊದಿದರು. ಸ್ವಲ್ಪ ತಡೆದು, ಶಿವಣ್ಣನವರ ಹೆಸರಿನ ಮೇಲಿದ್ದುದನ್ನೂ.