ಬಾಣಂತಿಯ ಗುಡಿಸಲಿಗೆ ಬೆಂಕಿ

ನನ್ನ ತಂಗಿ ಹುಟ್ಟಿದ್ದು ಮನೆಯಲ್ಲಲ್ಲ, ಹೊಲದಲ್ಲಿ. ಅದು ನಮ್ಮ ಊರಿಗೆ ಪ್ಲೇಗು ಬಂದ ವರ್ಷ. ಚಿಕ್ಕಜಾಜೂರಿನಲ್ಲಿ ರೈಲಿನಿಂದ ಇಳಿದ ಕಾಳಿನ ಮೂಟೆಗಳ ಜೊತೆ ಬಂತೆಂದು ಕೆಲವರು, ದುರ್ಗದ ಸಂತೆಯಿಂದ ಬಂತೆಂದು ಇನ್ನು ಕೆಲವರು ಹೇಳುತ್ತಿದ್ದರು. ನಮಗೆ ಗೊತ್ತಾದದ್ದು ಇಷ್ಟೇ: ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಅಟ್ಟದಿಂದ ಇಲಿಯೊಂದು ಉರುಳಿ, ಅಡುಗೆಮನೆಯ ನೆಲದ ಮೇಲೆ ಬಿದ್ದು ಸತ್ತಿತು. ಅದನ್ನು ಕಂಡವಳೇ ಅಜ್ಜಿ ಒಲೆಯ ಮೇಲಿನ ಮುದ್ದೆಯ ಎಸರನ್ನು ಹಾಗೇ ಬಿಟ್ಟು, "ಏಳ್ರಿ, ಊರು ಬಿಡಾಣ" ಅಂದಳು. ಮಧ್ಯಾಹ್ನದೊಳಗೆ ನಮ್ಮ ಕೇರಿಯವರೆಲ್ಲ ಗಾಡಿ ಹೂಡಿದ್ದರು.

ಮನೆಯಲ್ಲಿ ನಾವು ನಾಲ್ವರು. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಏಳೋ ಎಂಟೋ ವರ್ಷದ ನಾನು. ಅವ್ವ ತುಂಬಿದ ಬಸುರಿ. ಅವಳನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿ, ಹೊರಕೆರೆದೇವಪುರದ ದಾರಿಯಲ್ಲಿದ್ದ ನಮ್ಮ ಹೊಲಕ್ಕೆ ಬಂದೆವು. ಅಪ್ಪ ಎರಡು ದಿನದಲ್ಲಿ ಗುಡಿಸಲು ಎಬ್ಬಿಸಿದ. ಗೋಡೆಗೆ ಜೋಳದ ದಂಟಿನ ತಟ್ಟಿ, ಮೇಲೆ ಹುಲ್ಲು, ಬಾಗಿಲಿಗೆ ಗೋಣಿ. ಸುತ್ತ ಬೇರೆಯವರ ಹೊಲಗಳಲ್ಲೂ ಅಂಥವೇ ಗುಡಿಸಲುಗಳು ಎದ್ದವು. ಸಂಜೆ ಎಲ್ಲ ಕಡೆ ಹೊಗೆ ಏಳುವಾಗ ಮಕ್ಕಳಾದ ನಮಗೆ ಅದೊಂದು ಹಬ್ಬದ ಹಾಗೆ ಕಾಣುತ್ತಿತ್ತು.

ತಂಗಿ ಹುಟ್ಟಿದ ವಾರವೇ ಚಳಿ ಇಳಿಯಿತು. ಅದಕ್ಕೆ ಮೊದಲು ಅಕಾಲದಲ್ಲಿ ಜಡಿಮಳೆ ಹಿಡಿದು, ಕೂಡಿಟ್ಟ ಸೌದೆಯೆಲ್ಲ ನೆನೆದಿತ್ತು. ಮಳೆ ನಿಂತಿತೋ ಇಲ್ಲವೋ, ಮೂಡಲ ಗಾಳಿ ಶುರುವಾಯಿತು. ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಗೋಡೆ ಮೊಳದಷ್ಟು ದಪ್ಪ. ಅಲ್ಲಿ ಮಾಗಿಯೆಂದರೆ ಕಂಬಳಿ ಹೊದ್ದು ಮಲಗುವ ಸುಖವಷ್ಟೇ. ಇಲ್ಲಿ ಗಾಳಿ ತಟ್ಟಿಯ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿತ್ತು. ಅವ್ವನ ಹೊರಸಿನ ಕೆಳಗೆ ಕೆಂಡದ ಮಡಕೆ ಇಟ್ಟರೂ ಹಸಿ ಸೌದೆಯ ಕೆಂಡ ನಿಲ್ಲುತ್ತಿರಲಿಲ್ಲ. ಹೊಗೆಗೆ ಕೂಸು ಕೆಮ್ಮುತ್ತಿತ್ತು. ಒಂದು ಬೆಳಗ್ಗೆ ಅಜ್ಜಿ ಕೂಸಿನ ಅಂಗಾಲು ಮುಟ್ಟಿ ನೋಡಿ, ತನ್ನ ಸೆರಗಿನೊಳಗೆ ಅದನ್ನು ಹಾಕಿಕೊಂಡಳು. ಕೂಸಿನ ತುಟಿ ನೀಲಿಯಾಗಿತ್ತು.

ಅಪ್ಪ ಅದನ್ನು ನೋಡಿದ. "ಮನೆ ಅಟ್ಟದ ಮ್ಯಾಲೆ ಒಣ ಕುಳ್ಳು ಅವೆ. ಕೌದಿಗಳೂ ಅಲ್ಲೇ ಅವೆ. ಹೋಗಿ ತರ್ತೀನಿ" ಅಂದ.

ಅಜ್ಜಿ ಬೇಡವೆಂದಳು. "ಆ ಮನಿಗೆ ಕಾಲಿಡಬ್ಯಾಡ. ಇಲಿ ಬಿದ್ದ ಮನೆ ಅದು."

"ಒಳಗೆ ಕುಂದ್ರಾಕ್ ಹೋಗ್ತಿಲ್ಲವ್ವ. ಹೋದೆ, ಬಂದೆ."

ಅವ್ವ ಹೊರಸಿನ ಮೇಲಿಂದ, "ಬ್ಯಾಡ ಕಣ್ರಿ" ಅಂದಳು. ಅಷ್ಟರಲ್ಲಿ ಅಪ್ಪ ಬದು ದಾಟಿದ್ದ.

ಹೊತ್ತು ಇಳಿಯುವಾಗ ಅವನು ತಲೆಯ ಮೇಲೆ ಸಗಣಿ ಕುಳ್ಳಿನ ಹೊರೆ, ಹೆಗಲ ಮೇಲೆ ಎರಡು ಕೌದಿ ಹೊತ್ತು ಬಂದ. ಅಜ್ಜಿ ಕೌದಿಗಳನ್ನು ಗುಡಿಸಲಿನ ಹತ್ತಿರ ಬಿಡಲಿಲ್ಲ. ಕೋಲಿನಿಂದ ಎತ್ತಿ ದೂರದ ಮುಳ್ಳುಬೇಲಿಯ ಮೇಲೆ ಎಸೆದು, ಮಾರನೆಯ ದಿನ ಸುಟ್ಟೇಬಿಟ್ಟಳು. ಕುಳ್ಳು ಮಾತ್ರ ಉಳಿದವು. ಆ ಸಂಜೆ ಗುಡಿಸಲು ಮನೆಯ ಹಾಗಾಯಿತು. ಕುಳ್ಳಿನ ಕೆಂಡ ಬೂದಿಯೊಳಗೆ ಮೆಲ್ಲಗೆ ಉರಿಯುತ್ತ, ಹೊರಸಿನ ಕೆಳಗೆ ಬಿಸಿ ನಿಂತಿತು. ಅಜ್ಜಿ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕಿ ಹೊಗೆ ಕೊಟ್ಟಳು. ಕೂಸಿನ ಕೆನ್ನೆಗೆ ಬಣ್ಣ ಬಂತು. ಅಪ್ಪ ಅದರ ಅಂಗಾಲಿಗೆ ತನ್ನ ಹೆಬ್ಬೆರಳು ಒತ್ತಿ, "ನೋಡು, ಈಗ ಬೆಚ್ಚಗಾತು" ಅಂದು ನಕ್ಕ. ಅವ್ವನೂ ನಕ್ಕಳು. ಅವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಕೆಲವು ದಿನ ಕಳೆದು ಅಪ್ಪನಿಗೆ ಜ್ವರ ಬಂತು. ಬೆಳಗ್ಗೆ ದನಗಳಿಗೆ ಮೇವು ಹಾಕಿ ಬಂದವನು ಬಾಗಿಲ ಗೋಣಿಯ ಹೊರಗೇ ನಿಂತ. ಒಳಗೆ ಬರಲಿಲ್ಲ. ಅಜ್ಜಿ ಕರೆದರೆ, "ತೊಡೆಸಂದಿನಾಗ ಗೆಡ್ಡೆ ಎದ್ದೈತೆ ಕಣವ್ವ" ಅಂದ. ಸಣ್ಣ ದನಿಯಲ್ಲಿ ಹೇಳಿದರೂ ಅವ್ವನಿಗೆ ಕೇಳಿಸಿತು. ಅವಳು ಏಳಲು ಹೋದಳು. ಅಜ್ಜಿ ಅವಳ ಎರಡೂ ಭುಜ ಹಿಡಿದು ಕೂರಿಸಿದಳು. ಅಪ್ಪ ಒಂದು ಕಂಬಳಿಯನ್ನೂ ಒಂದು ಕೊಳ್ಳಿಯನ್ನೂ ತೆಗೆದುಕೊಂಡು, ಹೊಲದ ಆ ತುದಿಯಲ್ಲಿ ಬೇವಿನಮರದ ಕೆಳಗಿದ್ದ ಕಾವಲಿನ ಗುಡ್ಲಿಗೆ ನಡೆದುಹೋದ. ಅವನನ್ನು ಯಾರೂ ಹೋಗೆನ್ನಲಿಲ್ಲ.

ಅಲ್ಲಿಂದ ಅವನು ಕೂಗಿ ಮಾತಾಡುತ್ತಿದ್ದ. ನಡುವೆ ಕೊಯ್ದ ಜೋಳದ ಕೂಳೆ ಬಿಟ್ಟರೆ ಏನೂ ಇರಲಿಲ್ಲ, ಮಾತು ಚೆನ್ನಾಗಿ ಕೇಳುತ್ತಿತ್ತು. ರೋಗದ ಮಾತನ್ನು ಅವನು ಒಂದು ಸಲವೂ ಆಡಲಿಲ್ಲ.

"ಕೇಳ್ತೈತಾ? ಮೂಡಲ ಕಡೆ ತಟ್ಟಿಗೆ ಸಗಣಿ ಬಳೀರಿ. ಗಾಳಿ ಅಲ್ಲಿಂದ್ಲೇ ಬರಾದು."

ಅವ್ವ ಬಾಗಿಲಲ್ಲಿ ನಿಂತು, "ಬಳೀತೀವ್ರಿ" ಎಂದು ಕೂಗುತ್ತಿದ್ದಳು.

"ಕೂಸಿನ ಕಿವಿ ಕಟ್ಟೀಯಾ?"

"ಕಟ್ಟೀನಿ."

"ನೀನು ಹೊರಗೆ ನಿಂತ್ಕಬ್ಯಾಡ. ಒಳಗೋಗು, ಗಾಳಿ ಐತೆ."

ಅವ್ವ ಒಳಗೆ ಹೋಗುತ್ತಿರಲಿಲ್ಲ. ಅಜ್ಜಿಯೂ ನಾನೂ ಸಗಣಿ ಕಲಸಿ ತಟ್ಟಿಗೆ ಬಳಿದೆವು. ದಂಟಿನ ಸಂದಿಗಳಿಗೆ ಹುಲ್ಲು ತುರುಕಿದೆವು. ಅಪ್ಪ ಅಲ್ಲಿಂದಲೇ ನೋಡುತ್ತ, "ಕೆಳಗೆ ಇನ್ನೊಂದೀಟು ದಪ್ಪ ಬಳಿ ಮಗಾ" ಎಂದು ನನಗೆ ಹೇಳಿದ. ಅಜ್ಜಿ ಗಂಜಿಯನ್ನು ನಡುಹೊಲದ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದಳು. ಮೊದಲ ದಿನ ಅವನೇ ಬಂದು ಒಯ್ದ. ಮಾರನೆಯ ದಿನ ಗಂಜಿ ಕಲ್ಲಿನ ಮೇಲೇ ತಣ್ಣಗಾಯಿತು. ಅವತ್ತು ಅವನ ಕೂಗು ಮುರಿದು ಮುರಿದು ಬರುತ್ತಿತ್ತು. ಅವ್ವ, "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳಿದಳು. ಕೊನೆಗೆ ಕೂಗು ನಿಂತಿತು.

ಅಜ್ಜಿ ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿದಳು. ಉಳಿದ ಕುಳ್ಳಿನಲ್ಲಿ ಅರ್ಧವನ್ನು ಬುಟ್ಟಿಗೆ ತುಂಬಿಕೊಂಡಳು.

"ಅತ್ತೆ, ನಿಮಗೂ ಹತ್ತಿದ್ರೆ?" ಅಂದಳು ಅವ್ವ.

"ಹೆತ್ತೋಳಿಗೆ ಏನು ಹತ್ತತೈತವ್ವ. ನೀನು ಕೂಸಿನ ಕಡೆ ನೋಡ್ಕ."

ಆಮೇಲೆ ನಮಗೆ ಕಾಣುತ್ತಿದ್ದದ್ದು ಹೊಗೆ ಮಾತ್ರ. ಗುಡ್ಲಿನ ಮೇಲೆ ಹೊಗೆ ಎದ್ದರೆ, ಅಜ್ಜಿ ಬೆಂಕಿ ಹಾಕಿದ್ದಾಳೆ, ಅಪ್ಪ ಇದ್ದಾನೆ. ಅವ್ವ ಹಾಲೂಡಿಸುವಾಗಲೂ ಆ ಕಡೆಗೇ ಮುಖ ಮಾಡಿಕೊಂಡಿರುತ್ತಿದ್ದಳು. ಹೊಗೆ ತೆಳ್ಳಗಾದರೆ ನನ್ನ ಕೈ ಹಿಡಿದು, "ನೋಡು, ನಿನ್ನ ಕಣ್ಣು ಚಲೋ ಅವೆ, ಐತಲ್ಲ?" ಅನ್ನುತ್ತಿದ್ದಳು. ಐತೆ ಅನ್ನುತ್ತಿದ್ದೆ. ಇರುತ್ತಿತ್ತು ಕೂಡ.

ಆ ದಿನಗಳಲ್ಲಿ ಕುರುಬರ ಒಬ್ಬ ಮುದುಕ ತನ್ನ ಮಂದೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ಗುಡಿಸಲುಗಳನ್ನು ಕಂಡು ಬೇರೆಯವರು ಸುತ್ತುದಾರಿ ಹಿಡಿಯುತ್ತಿದ್ದರೆ, ಇವನು ನಿಂತು ವಿಚಾರಿಸಿದ. ಅವ್ವ ಹೇಳಿದ್ದನ್ನು ಕೋಲಿಗೆ ಗಲ್ಲ ಊರಿ ಕೇಳಿದ. ಆಮೇಲೆ ನಮ್ಮ ಗುಡಿಸಲಿನ ಮೂಡಲ ಮಗ್ಗುಲಿಗೆ ಒತ್ತಿ ಕುರಿಗಳನ್ನು ತರುಬಿದ. "ಕುರಿ ಮೈ ಕಾವು ಒಳಗೆ ಬರ್ತೈತೆ, ಗಾಳೀನೂ ತಡೀತೈತೆ. ಮಲಿಕ್ಕಳ್ರಿ ತಾಯಿ" ಅಂದ. ಹೆಗಲ ಮೇಲಿದ್ದ ಹೊಸ ಕಂಬಳಿಯೊಂದನ್ನು ಬಾಗಿಲಲ್ಲಿಟ್ಟು, "ಇದು ಇನ್ನ ಯಾರ ಮನೇನೂ ಹೊಕ್ಕಿಲ್ಲ. ಕೂಸಿಗೆ ಹೊದೆಸ್ರಿ" ಎಂದ. ಮೊದಲ ಬಾರಿ ಅವ್ವ ಆಗ ಅತ್ತಳು. ಕುರಿಗಳ ಉಸಿರು, ಮೈಯ ವಾಸನೆ ತಟ್ಟಿಯೊಳಗಿಂದ ಬರುತ್ತಿತ್ತು. ನಿಜವಾಗಿಯೂ ಬೆಚ್ಚಗಾಯಿತು. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಗಾದಾಗ ಮಂಜು ಬಿದ್ದಿತ್ತು. ಅವ್ವ ಹೊರಗೆ ನಿಂತಿದ್ದಳು. ಮಂಜು ಹರಿದ ಮೇಲೆ ಬೇವಿನಮರ ಕಂಡಿತು, ಗುಡ್ಲು ಕಂಡಿತು. ಹೊಗೆ ಇರಲಿಲ್ಲ. ಅವ್ವ ನನ್ನನ್ನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಹೊರಗೆ ಬಂದು, ಕೂಳೆಯೊಳಗೆ ನಡೆದು, ಆ ಕಲ್ಲಿನ ತನಕ ಬಂದು ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ.

"ಇನ್ನ ಅವನಿಗೆ ಬೆಂಕಿ ಬ್ಯಾಡ ಕಣವ್ವ" ಅಂದಳು.

ಕುರುಬರ ಮುದುಕನೂ ಪಕ್ಕದ ಹೊಲದ ಇಬ್ಬರೂ ಸೇರಿ ಬೇವಿನಮರದ ಕೆಳಗೆ ಗುಂಡಿ ತೆಗೆದು ಅಪ್ಪನನ್ನು ಮಣ್ಣು ಮಾಡಿದರು. ಬಾಣಂತಿಯನ್ನು ಹತ್ತಿರ ಬಿಡಲಿಲ್ಲ. ಅವಳು ಗಂಡನ ಮುಖವನ್ನು ಆ ಕಲ್ಲಿನಷ್ಟು ದೂರದಿಂದಲೂ ನೋಡಲಿಲ್ಲ. ಅಜ್ಜಿ ಗುಡ್ಲನ್ನು ಸುಟ್ಟು, ಕೆಲವು ದಿನ ಮರದಡಿಯಲ್ಲೇ ಒಬ್ಬಳೇ ಇದ್ದು, ತನಗೆ ಏನೂ ಆಗಲಿಲ್ಲವೆಂದು ಕಂಡ ಮೇಲೆ ನಮ್ಮ ಬಳಿ ಬಂದಳು. ತನಗೂ ಆ ರೋಗ ಬರಲಿಲ್ಲವಲ್ಲ ಎಂದು ಅದಕ್ಕೇ ಅಳುತ್ತಿದ್ದಳು.

ಬಿಸಿಲು ಬಲಿತ ಮೇಲೆ ಊರಿಗೆ ಮರಳಿದೆವು. ಧರ್ಮಪುರದ ಕಡೆಯಿಂದ ಸೋದರಮಾವ ಗಾಡಿ ತಂದು ಅವ್ವನನ್ನು ಕರೆದ. ಅವಳು ಹೋಗಲಿಲ್ಲ. "ಕೊನೆಗೆ ಅವರನ್ನ ನೋಡ್ದೋರು ಅತ್ತೆ ಒಬ್ರೇ. ನಾನು ಇವರ ಜತೇಲೇ ಇರ್ತೀನಿ" ಅಂದಳು. ಬೆಳೆಯಲ್ಲಿ ಪಾಲು ಪಡೆಯುವಂತೆ ಹೊಲವನ್ನು ಕೋರಿಗೆ ಕೊಟ್ಟು, ಇಬ್ಬರು ಹೆಂಗಸರೂ ನಮ್ಮನ್ನು ಸಾಕಿದರು.

ತಂಗಿಗೆ ಆರೋ ಏಳೋ ವರ್ಷವಾದಾಗಿನ ಮಾಗಿ. ಅವಳು ಬೆಂಕಿಯ ಹತ್ತಿರ ಬರುವುದನ್ನು ಬಿಟ್ಟುಬಿಟ್ಟಳು. ಸಂಜೆ ನಾವೆಲ್ಲ ಒಲೆಯ ಮುಂದೆ ಕೂತರೆ ಅವಳು ಬಾಗಿಲ ಬಳಿ ಮೊಣಕಾಲು ತಬ್ಬಿಕೊಂಡು ಕೂರುವಳು. ಕಂಬಳಿ ಹೊದೆಸಿದರೆ ಒದ್ದು ಸರಿಸುವಳು. ಮೊದಲು ಹಟ ಅಂದುಕೊಂಡೆವು. ಒಂದು ಸಂಜೆ ಅವ್ವ ಅವಳ ಕೈ ಹಿಡಿದು, ಮಂಜಿನಂತಿದ್ದುದನ್ನು ನೋಡಿ, "ಯಾಕ್ ಮಗಾ, ಯಾಕ್ ಹಿಂಗ್ ಮಾಡ್ತೀ?" ಎಂದು ಕೇಳಿದಳು.

ಅವಳು ಹೇಳಿದಳು: "ನನಗೆ ಚಳಿ ಆತು ಅಂತ ಅಪ್ಪ ಕುಳ್ಳು ತರಾಕೆ ಹೋಗಿ ಸತ್ತನಂತೆ. ಕೇರಿಯಾಗೆ ಅಂದ್ರು."

ಅವ್ವ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಯಾರು ಹೇಳಿದ್ರು ಅದನ್ನ? ನಿಮ್ಮಪ್ಪಂಗೇ ಚಳಿ ತಡಿಯಾಕ್ ಆಗ್ತಿರ್ಲಿಲ್ಲ. ತಮಗೆ ಕೌದಿ ಬೇಕು ಅಂತ ಅವರೇ ಹೋದ್ರು. ನೀನು ಬೆಚ್ಚಗೆ ನನ್ನ ಮಗ್ಗುಲಾಗೆ ಮಲಗಿದ್ದೆ." ಹಾಗೆಂದು ಅಜ್ಜಿಯ ಕಡೆ ನೋಡಿದಳು. "ಅಲ್ಲೇನತ್ತೆ?"

ಅಜ್ಜಿ ಕೆಂಡ ಕೆದಕುತ್ತಿದ್ದವಳು ನಿಲ್ಲಿಸಿದಳು. ಮಾಗಿಯಲ್ಲೂ ಬಾವಿಯ ತಣ್ಣೀರು ಸುರಿದುಕೊಂಡು ಬರಿಮೈಯಲ್ಲಿ ಹೊಲಕ್ಕೆ ಹೋಗುತ್ತಿದ್ದ ಮಗ ಅವನು. ಊರೆಲ್ಲ ಅದನ್ನು ಹೇಳಿಕೊಂಡು ನಗುತ್ತಿತ್ತು.

"ಹೂಂ ಕಣೆ" ಅಂದಳು ಅಜ್ಜಿ. "ಹುಟ್ಟಿದಾಗಿಂದ ಅವನಿಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲ."

ತಂಗಿ ಇಬ್ಬರ ಮುಖವನ್ನೂ ನೋಡಿದಳು. ನನ್ನ ಮುಖವನ್ನೂ ನೋಡಿದಳು, ನಾನು ತಲೆಯಾಡಿಸಿದೆ. ಅವಳು ಮೆಲ್ಲಗೆ ಒಲೆಯ ಕಡೆ ಕೈ ಚಾಚಿದಳು. ಅವ್ವ ಆ ಎರಡು ಕೈಗಳನ್ನೂ ತನ್ನ ಅಂಗೈಗಳ ನಡುವೆ ಹಿಡಿದು ಉಜ್ಜಿದಳು. ತಂಗಿ ಅವಳ ತೊಡೆಯ ಮೇಲೆಯೇ ನಿದ್ದೆ ಹೋದಳು. ಅಜ್ಜಿ ಎದ್ದು ದನದ ಕೊಟ್ಟಿಗೆಗೆ ಹೋಗಿ, ಅಲ್ಲಿ ಕತ್ತಲಲ್ಲಿ ಒಬ್ಬಳೇ ನಿಂತಿದ್ದಳು.

ತಂಗಿ ಈಗ ಮೊಮ್ಮಕ್ಕಳನ್ನು ಕಂಡವಳು. ಅಪ್ಪನ ಮಾತು ಬಂದಾಗ ಈಗಲೂ ಹೇಳುತ್ತಾಳೆ: "ಪಾಪ, ನಮ್ಮಪ್ಪಂಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲಂತೆ." ನಾನು ಹೌದು ಅನ್ನುತ್ತೇನೆ.